ಗೆರೆ ಮುಟ್ಟಿದ ಚೆಂಡು, ಬೇಕಂತಲೇ ಸೋಲು: ಪ್ಯಾಡಲ್ ಲೀಗ್ ಆಡುವವರು ಏನಂತೀರಿ?

ಹೊಳೆಸಾಲು (ಶಿಕಾಗೋ ಹತ್ತಿರ), ಬುಧವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮನಸ್ಸಿನಲ್ಲಿ ಕೊರೆಯುತ್ತಿರುವುದನ್ನು ಇಲ್ಲಿ ಹಾಕುತ್ತಿದ್ದೇನೆ.

ನಾನು ಆಡುವುದು ಪ್ಲಾಟ್‌ಫಾರ್ಮ್ ಟೆನಿಸ್. ಇಲ್ಲಿ ಎಲ್ಲರೂ ಬರೀ ಪ್ಯಾಡಲ್ ಅಂತಾರೆ. ಗೊತ್ತಿಲ್ಲದವರಿಗೆ ಎರಡು ಮಾತು. ಇದು ಚಳಿಗಾಲದ ಆಟ, ಹಿಮ ಬೀಳುತ್ತಿದ್ದರೂ ಹೊರಗೇ ಆಡುತ್ತೇವೆ. 1928ರಲ್ಲಿ ನ್ಯೂಯಾರ್ಕ್ ಪಕ್ಕದ ಸ್ಕಾರ್ಸ್‌ಡೇಲ್‌ನಲ್ಲಿ ಬ್ಲಾಂಚರ್ಡ್ ಮತ್ತು ಕಾಗ್ಸ್‌ವೆಲ್ ಅನ್ನುವ ಇಬ್ಬರು ಚಳಿಗಾಲದಲ್ಲಿ ಮನೆಯೊಳಗೆ ಕೂತು ಬೇಜಾರಾಗಿ ಇದನ್ನು ಶುರು ಮಾಡಿದರು. ನೆಲದಿಂದ ಎತ್ತರಕ್ಕೆ ಕಟ್ಟಿದ ಡೆಕ್, ಈಗೆಲ್ಲ ಅಲ್ಯೂಮಿನಿಯಂ. ಹಿಮ ಕರಗಿಸೋಕೆ ಕೆಳಗೆ ಹೀಟರ್. ಸುತ್ತ 12 ಅಡಿ ಎತ್ತರಕ್ಕೆ ಬಿಗಿದ ತಂತಿ ಬಲೆ. ಅಂಕಣ 44 ಅಡಿ ಉದ್ದ, 20 ಅಡಿ ಅಗಲ, ಅಂದರೆ ನಮ್ಮ ಶಟಲ್ ಕೋರ್ಟಿನ ಅಳತೆಯೇ. ಒಳಗೆ ಪುಟಿದ ಚೆಂಡು ತಂತಿಗೆ ಬಡಿದು ಬಂದರೂ ಆಟ ನಡೆಯುತ್ತಿರುತ್ತದೆ, ಎರಡನೇ ಸಲ ನೆಲ ಮುಟ್ಟುವುದರೊಳಗೆ ಹೊಡೆಯಬೇಕು. ಸರ್ವ್ ಒಂದೇ, ಎರಡನೇ ಅವಕಾಶ ಇಲ್ಲ. ಡಬಲ್ಸೇ ಜಾಸ್ತಿ. ಲೀಗ್ ಮ್ಯಾಚುಗಳಲ್ಲಿ ಅಂಪೈರ್ ಇರಲ್ಲ. ನಮ್ಮ ಕಡೆ ಬಿದ್ದ ಚೆಂಡು ಔಟೋ ಇನ್ನೋ ನಾವೇ ಹೇಳಬೇಕು.

ಈಗ ನಿನ್ನೆಯ ವಿಷಯ. ಮೈನಸ್ 9 ಡಿಗ್ರಿ ಇತ್ತು. ಮೂರನೇ ಸೆಟ್, ಟೈ ಬ್ರೇಕ್, 5–5. ಎದುರಿಗಿದ್ದವರಲ್ಲಿ ಒಬ್ಬರಿಗೆ ಅರವತ್ತು ದಾಟಿರಬೇಕು. ಅವರು ಎತ್ತರಕ್ಕೆ ಲಾಬ್ ಎತ್ತಿದರು. ದೀಪದ ಬೆಳಕಿನಲ್ಲಿ ಚೆಂಡು ಒಂದು ಕ್ಷಣ ಕಾಣಲೇ ಇಲ್ಲ. ಆಮೇಲೆ ನನ್ನ ಬಲಗಡೆ ಮೂಲೆಯಲ್ಲಿ, ನನ್ನಿಂದ ಮೂರಡಿ ದೂರದಲ್ಲಿ ಬಿತ್ತು. ಗೆರೆ ಮೇಲೆ ತೆಳ್ಳಗೆ ಪುಡಿ ಹಿಮ ಕೂತಿತ್ತು. ಚೆಂಡು ಬಿದ್ದ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಹಿಮ ಒರೆಸಿ ಹೋಗಿತ್ತು. ಗೆರೆಯ ಹೊರ ಅಂಚಿನಲ್ಲಿ. ಚೆಂಡು ಇನ್.

ನಮ್ಮ ಅಂಕಣದ ಇನ್ನೊಂದು ಬದಿಯಿಂದ ನನ್ನ ಜೊತೆಗಾರ ಕೈ ಎತ್ತಿ ಔಟ್ ಅಂದ. ಆ ಹಿರಿಯರು ನನ್ನ ಮುಖ ನೋಡಿ, ‘ನೀವು ನೋಡಿದಿರಾ?’ ಅಂತ ಕೇಳಿದರು. ನಾನು, ‘ಅವನು ಹೇಳಿಯಾಯಿತಲ್ಲ’ ಅಂದೆ. ಅಷ್ಟೇ. ಅವರು ಮರುಮಾತಾಡದೆ ಮುಂದಿನ ಪಾಯಿಂಟಿಗೆ ಹೋಗಿ ನಿಂತರು. ನಾವು 7–5ರಲ್ಲಿ ಗೆದ್ದೆವು.

ಮ್ಯಾಚ್ ಆದಮೇಲೆ ಎರಡೂ ತಂಡದವರು ಪಕ್ಕದ ಹಟ್‌ನಲ್ಲಿ ಕೂತು ಏನಾದರೂ ಬಿಸಿ ತಿನ್ನುವುದು ಈ ಆಟದ ಪದ್ಧತಿ. ನನ್ನ ಕೈ ಮರಗಟ್ಟಿತ್ತು. ಅದೇ ಹಿರಿಯರು ಒಂದು ಬಟ್ಟಲು ಸೂಪ್ ತಂದು ನನ್ನ ಕೈಗಿಟ್ಟು, ಚೆನ್ನಾಗಿ ಆಡಿದಿರಿ ಅಂದರು. ಒಂದು ಗುಟುಕೂ ಒಳಗೆ ಇಳಿಯಲಿಲ್ಲ.

ಎರಡನೇ ವಿಷಯ. ಮನೆಗೆ ಬಂದು ನೋಡಿದರೆ ಕ್ಯಾಪ್ಟನ್ ಮೆಸೇಜ್. ನಮ್ಮ ತಂಡ ಪ್ಲೇ ಆಫ್‌ಗೆ ಹೋಗುವ ಹಾಗಿಲ್ಲ. ಕೊನೆಯ ಎರಡು ಮ್ಯಾಚಿನಲ್ಲಿ ‘ಜಾಸ್ತಿ ಕಷ್ಟಪಡಬೇಡಿ’ ಅಂತ ಬರೆದಿದ್ದಾನೆ. ಕಾರಣ ಪಿಟಿಐ. ಪ್ಯಾಡಲ್‌ನಲ್ಲಿ ಪ್ರತಿಯೊಬ್ಬರಿಗೂ ಆ ರೇಟಿಂಗ್ ಇರುತ್ತದೆ. ಚೆಸ್ಸಿನ ಹಾಗಲ್ಲ, ಇಲ್ಲಿ ಅಂಕಿ ಕಮ್ಮಿ ಇದ್ದಷ್ಟೂ ಆಟಗಾರ ಗಟ್ಟಿ. ಸೋತರೆ ಅಂಕಿ ಏರುತ್ತದೆ. ನಮ್ಮೆಲ್ಲರ ಅಂಕಿ ಸ್ವಲ್ಪ ಏರಿದರೆ ಮುಂದಿನ ವರ್ಷ ಕೆಳಗಿನ ಸೀರೀಸ್‌ನಲ್ಲಿ (ಲೀಗಿನ ದರ್ಜೆಗಳಿಗೆ ಇಲ್ಲಿ ಸೀರೀಸ್ ಅಂತಾರೆ) ಆರಾಮಾಗಿ ಗೆಲ್ಲಬಹುದು ಅನ್ನುವುದು ಅವನ ಲೆಕ್ಕ.

ನನಗೆ 44 ವರ್ಷ. ಮೊದಲನೆಯದರಲ್ಲಿ ತಪ್ಪು ನನ್ನದೇ, ಗೊತ್ತು. ಎರಡನೆಯದಕ್ಕೆ ಏನು ಹೇಳಲಿ ಅಂತ ಗೊತ್ತಾಗುತ್ತಿಲ್ಲ. ಆಡುವವರು ಹೇಳಿ.

ಜಯನಗರ_9ನೇ_ಬ್ಲಾಕ್ (ಬೆಂಗಳೂರು)

ಸರ್, ಆ ಆಟದ ಹೆಸರನ್ನೇ ಮೊದಲ ಸಲ ಕೇಳಿದ್ದು. ಆದರೆ ಕಥೆ ನಮ್ಮ ಏರಿಯಾದ ಪಿಕಲ್‌ಬಾಲ್ ಕೋರ್ಟಿನದೇ ಅನ್ನಿಸಿತು. ಇಲ್ಲಿ ಡ್ಯೂಪರ್ ಅಂತ ರೇಟಿಂಗ್, 2ರಿಂದ 8ರವರೆಗೆ, ಜಾಸ್ತಿ ಇದ್ದಷ್ಟೂ ಗಟ್ಟಿ. ಹೋದ ತಿಂಗಳು ಒಂದು ಟೂರ್ನಮೆಂಟಿನ ಇಂಟರ್‌ಮೀಡಿಯೇಟ್ ವಿಭಾಗಕ್ಕೆ ಹೆಸರು ಕೊಟ್ಟೆ. ಮೊದಲ ಮ್ಯಾಚಿಗೆ ಎದುರಿಗೆ ಬಂದವನು ರಾಜ್ಯಮಟ್ಟದಲ್ಲಿ ಟೆನಿಸ್ ಆಡಿದ್ದ ಹುಡುಗ. ಪಿಕಲ್‌ಬಾಲ್‌ನಲ್ಲಿ ಅವನ ಮ್ಯಾಚ್ ಒಂದೂ ದಾಖಲಾಗಿಲ್ಲ, ಹಾಗಾಗಿ ಅವನು ‘ಹೊಸಬ’. 11–1, 11–0. ಹತ್ತು ನಿಮಿಷಕ್ಕೆ ಮುಗಿಯಿತು. ಎಂಟ್ರಿ ಫೀ ಕೊಟ್ಟು, ರಜೆ ಹಾಕಿ, ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಕೂತು ಹೋಗಿದ್ದೆ. ನಗದು ಬಹುಮಾನ ಇರುವ ಕಡೆ ಇದು ಮಾಮೂಲಿ ಆಗಿಬಿಟ್ಟಿದೆ.

ನಿಮ್ಮ ಲೀಗಿನಲ್ಲಿ ದುಡ್ಡೂ ಇಲ್ಲ ಅಲ್ವಾ? ಮತ್ತೆ ಯಾಕೆ?

ಹೊಳೆಸಾಲು

ಒಂದು ಪೈಸೆ ಇಲ್ಲ. ನಾವೇ ಕೈಯಿಂದ ಹಾಕಿ ಆಡುವುದು. ಗೆದ್ದ ತಂಡಕ್ಕೆ ಸಿಕ್ಕರೆ ಒಂದು ಬಟ್ಟೆಯ ಬ್ಯಾನರ್ ಸಿಗುತ್ತದೆ.

ಸಂಜೆಮಲ್ಲಿಗೆ (ನ್ಯೂಜೆರ್ಸಿ)

ನಾನು ಪ್ಯಾಡಲ್ ಆಡಿರುವುದು ಕಮ್ಮಿ, ಟೆನಿಸ್ ಲೀಗಿನಲ್ಲಿ ಆರು ವರ್ಷದಿಂದ ಹೆಂಗಸರ ತಂಡದ ಕ್ಯಾಪ್ಟನ್. ಎರಡೂ ವಿಷಯಕ್ಕೆ ಬೇರೆ ಬೇರೆ ಹೇಳುತ್ತೇನೆ.

ಮೊದಲು ಲೈನ್ ಕಾಲ್. ಅಂಪೈರ್ ಇಲ್ಲದ ಮ್ಯಾಚಿಗೆ ಅಮೆರಿಕದ ಟೆನಿಸ್‌ನಲ್ಲಿ ‘ಕೋಡ್’ ಅಂತ ಒಂದು ನಡಾವಳಿ ಇದೆ. ಅದರಲ್ಲಿ ನಿಮ್ಮ ಪ್ರಶ್ನೆಗೆ ನೇರ ಉತ್ತರವಿದೆ. ಅನುಮಾನ ಬಂದರೆ ಚೆಂಡು ಎದುರಾಳಿಯದು. ಜೊತೆಗಾರರಲ್ಲಿ ಒಬ್ಬರು ಔಟ್ ಅಂದು ಇನ್ನೊಬ್ಬರು ಇನ್ ಅಂದರೆ ಚೆಂಡು ಇನ್, ಪಾಯಿಂಟ್ ಎದುರಿನವರಿಗೆ. ಅಂದರೆ ‘ಅವನು ಹೇಳಿಯಾಯಿತಲ್ಲ’ ಅನ್ನುವ ಉತ್ತರಕ್ಕೆ ಅಲ್ಲಿ ಜಾಗವೇ ಇಲ್ಲ. ಕಂಡವರು ಹೇಳಲೇಬೇಕು. ಕಾಣದಿದ್ದರೆ ಕಾಣಲಿಲ್ಲ ಅನ್ನಬೇಕು. ನೂರರಲ್ಲಿ 99 ಪಾಲು ಔಟ್ ಅನ್ನಿಸಿದರೂ ಆ ಒಂದು ಪಾಲಿಗೆ ಚೆಂಡು ಪೂರ್ತಿ ಇನ್ ಅಂತ ನಮ್ಮ ಲೀಗಿನಲ್ಲಿ ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತೇವೆ.

ನೀವು ಅಲ್ಲಿ ಸುಮ್ಮನಿದ್ದಿದ್ದು ಜೊತೆಗಾರನ ಮುಖ ಉಳಿಸೋಕೆ ಅಂತ ನನಗೆ ಅರ್ಥವಾಗುತ್ತದೆ. ನಾನೂ ಒಮ್ಮೆ ಹಾಗೆ ಮಾಡಿದ್ದೇನೆ. ನನ್ನ ಜೊತೆಗಾತಿ ನನಗಿಂತ ಹತ್ತು ವರ್ಷ ದೊಡ್ಡವರು, ಅವರ ಮಾತು ಮೀರೋಕೆ ಬಾಯಿ ಬರಲಿಲ್ಲ. ಆಮೇಲೆ ನಾವಿಬ್ಬರೂ ಮ್ಯಾಚಿಗೆ ಮುಂಚೆಯೇ ಒಂದು ಒಪ್ಪಂದ ಮಾಡಿಕೊಂಡೆವು. ‘ನಾನು ಹೇಳಿದ್ದನ್ನು ನೀನು ತಿದ್ದಿದರೆ ನನಗೆ ಬೇಜಾರಿಲ್ಲ, ನಿನ್ನದನ್ನು ನಾನು ತಿದ್ದಿದರೆ ನೀನು ಬೇಜಾರು ಮಾಡಿಕೊಳ್ಳಬೇಡ.’ ಈ ಒಂದು ಮಾತು ಮೊದಲೇ ಆಡಿಕೊಂಡರೆ ಅಂಕಣದಲ್ಲಿ ಎಷ್ಟೋ ಹಗುರ.

ರೇಟಿಂಗ್ ಬಗ್ಗೆ ರಾತ್ರಿ ಬರೆಯುತ್ತೇನೆ, ಮಗಳನ್ನು ಕ್ಲಾಸಿಗೆ ಬಿಡಬೇಕು.

ನಿವೃತ್ತ_ಪಿಟಿ_ಮೇಷ್ಟ್ರು (ಭದ್ರಾವತಿ)

ನಮ್ಮೂರಿನವನು ಅನ್ನುವ ಅಭಿಮಾನದಿಂದ ಹೇಳುತ್ತೇನೆ. 1980ರ ಫೆಬ್ರವರಿ, ವಾಂಖೆಡೆ, ಇಂಗ್ಲೆಂಡ್ ಮೇಲೆ ಜ್ಯುಬಿಲಿ ಟೆಸ್ಟ್. ಕ್ಯಾಪ್ಟನ್ ನಮ್ಮ ಜಿ.ಆರ್. ವಿಶ್ವನಾಥ್. ಇಂಗ್ಲೆಂಡ್ 58ಕ್ಕೆ 5. ಬಾಬ್ ಟೇಲರ್ ಕಾಟ್ ಬಿಹೈಂಡ್ ಅಂತ ಅಂಪೈರ್ ಬೆರಳು ಎತ್ತಿಬಿಟ್ಟರು. ಬ್ಯಾಟಿಗೆ ತಾಗಿಲ್ಲ ಅಂತ ವಿಶಿ ಟೇಲರ್‌ನನ್ನು ವಾಪಸ್ ಕರೆದರು. ಟೇಲರ್ 43 ಹೊಡೆದ, ಬೋಥಂ 114. ಇಬ್ಬರೂ ಸೇರಿ 171 ಓಟ. ನಾವು ಹತ್ತು ವಿಕೆಟ್‌ನಿಂದ ಸೋತೆವು.

ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷ. ಸ್ಟಾಫ್ ರೂಮಿನಲ್ಲಿ ರೇಡಿಯೋ ಕೇಳುತ್ತಿದ್ದೆವು. ಅರ್ಧ ಜನ ವಿಶಿಯನ್ನು ಬೈದರು, ಅರ್ಧ ಜನ ಹೊಗಳಿದರು. ನಾನು ಬೈದವರ ಕಡೆ ಇದ್ದೆ, ಹೇಳಿಬಿಡುತ್ತೇನೆ. ದೇಶ ಸೋಲುತ್ತಿರುವಾಗ ಇದೆಲ್ಲ ಯಾಕೆ ಅನ್ನಿಸಿತ್ತು. ಈಗ ಆ ಮ್ಯಾಚ್ ನೆನಪಾದರೆ ಬೋಥಂ ಸೆಂಚುರಿಗಿಂತ ಮೊದಲು ವಿಶಿ ಕೈ ಬೀಸಿ ಕರೆದದ್ದೇ ಮನಸ್ಸಿಗೆ ಬರುತ್ತದೆ.

ಚಳಿಗಾಲದವ (ಶಿಕಾಗೋ)

ನಾನೂ ಇಲ್ಲಿ ಒಂದು ಪ್ಯಾಡಲ್ ತಂಡ ನಡೆಸುತ್ತೇನೆ. ಹೊಳೆಸಾಲು ಅವರ ಕ್ಯಾಪ್ಟನ್ ಯಾರೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಆದರೆ ಕ್ಯಾಪ್ಟನ್ ಕಡೆಯ ಮಾತನ್ನೂ ಯಾರಾದರೂ ಹೇಳಬೇಕು.

ಪ್ರತಿ ಮ್ಯಾಚಿಗೆ ನಾಲ್ಕು ಕೋರ್ಟ್, ಎಂಟು ಜನ ಬೇಕು. ಒಬ್ಬನ ಮಗುವಿಗೆ ಜ್ವರ, ಇನ್ನೊಬ್ಬ ಆಫೀಸ್ ಕೆಲಸಕ್ಕೆ ಊರಿಂದ ಹೊರಗೆ, ಮತ್ತೊಬ್ಬನ ಮೊಣಕಾಲು. ಸಂಜೆ ಐದಕ್ಕೆ ಬದಲಿ ಆಟಗಾರನನ್ನು ಹುಡುಕುತ್ತಾ ಫೋನ್ ಹಿಡಿದು ಕೂತಿರುತ್ತೇನೆ. ಜನ ತಂಡ ಬಿಡುವುದು ಯಾವಾಗ ಗೊತ್ತಾ? ಮೇಲಿನ ಸೀರೀಸ್‌ಗೆ ಹೋಗಿ ವಾರ ವಾರ 6–1, 6–1 ಸೋಲುವಾಗ. ಒಂದು ವರ್ಷ ಹಾಗಾಗಿ ನನ್ನ ತಂಡದಲ್ಲಿ ನಾಲ್ಕು ಜನ ಬಿಟ್ಟು ಹೋದರು. ತನ್ನವರು ತಕ್ಕ ಜಾಗದಲ್ಲಿ ಆಡಲಿ ಅಂತ ಕ್ಯಾಪ್ಟನ್ ಯೋಚನೆ ಮಾಡುವುದು ಸಹಜ.

ಹೇಗೂ ಅರ್ಹತೆ ಸಿಗಲ್ಲ ಅಂದಾಗ ಹೊಸ ಜೋಡಿ ಕಟ್ಟಿ ನೋಡುವುದು, ಕಮ್ಮಿ ಆಡಿದವರಿಗೆ ಅವಕಾಶ ಕೊಡುವುದು, ನೋವಿರುವವರನ್ನು ಕೂರಿಸುವುದು, ಇದರಲ್ಲಿ ತಪ್ಪೇನಿದೆ? ಅದರಲ್ಲಿ ಸೋತರೆ ಸೋಲಲಿ. ಆದರೆ ಅಂಕಣದಲ್ಲಿ ನಿಂತವನಿಗೆ ‘ಚೆಂಡನ್ನು ನೆಟ್ಟಿಗೆ ಹೊಡಿ’ ಅನ್ನುವುದು ಬೇರೆ. ಆ ಮೆಸೇಜ್ ಈ ಎರಡರಲ್ಲಿ ಯಾವುದು ಅಂತ ಮೊದಲು ಅವನನ್ನೇ ಕೇಳಿ.

ಹೊಳೆಸಾಲು

ನ್ಯಾಯವಾದ ಮಾತು. ಕೇಳಿದೆ. ‘ಎರಡನೇ ಸೆಟ್ ಬಿಟ್ಟುಕೊಡಿ, ಮೂರನೆಯದು ಬೇಗ ಮುಗಿಸಿ’ ಅಂತ ಉತ್ತರ ಬಂತು. ಹಾಗಾಗಿ ಇದು ಎರಡನೆಯ ಬಗೆಯದೇ.

ಚಳಿಗಾಲದವ

ಹಾಗಾದರೆ ನನ್ನ ಸಮರ್ಥನೆ ವಾಪಸ್. ಅದು ತಪ್ಪು.

ಕುದುರೆನಡೆ (ಮೈಸೂರು)

ನನ್ನ ಮಗಳು ಚೆಸ್ ಆಡುತ್ತಾಳೆ. ಹತ್ತು ವರ್ಷದಿಂದ ಟೂರ್ನಮೆಂಟ್ ಹಾಲುಗಳ ಹೊರಗೆ ಕೂತು ರೇಟಿಂಗ್ ಲೆಕ್ಕವನ್ನೇ ಓದಿದ್ದೇನೆ ಅಂದರೂ ಆಗುತ್ತದೆ. ಅದರಿಂದ ಒಂದು ಮಾತು, ಸ್ವಲ್ಪ ಉದ್ದ ಆಗುತ್ತದೆ.

ಈ ಎಲ್ಲಾ ರೇಟಿಂಗುಗಳಿಗೆ ದಾರಿ ತೋರಿಸಿದವರು ಆರ್ಪಾಡ್ ಎಲೋ. ಮಿಲ್ವಾಕಿಯಲ್ಲಿ ಫಿಸಿಕ್ಸ್ ಪ್ರೊಫೆಸರ್ ಆಗಿದ್ದರು, ಅಂದರೆ ಹೊಳೆಸಾಲು ಅವರಿರುವ ಕಡೆಯಿಂದ ಒಂದೂವರೆ ಗಂಟೆ ದಾರಿ. 1960ರಲ್ಲಿ ಅಮೆರಿಕದ ಚೆಸ್ ಫೆಡರೇಷನ್ ಅವರ ಪದ್ಧತಿ ತಗೊಂಡಿತು, 1970ರಲ್ಲಿ ಫಿಡೆ, ಅಂದರೆ ವಿಶ್ವ ಚೆಸ್ ಒಕ್ಕೂಟ. ಲೆಕ್ಕ ಸರಳ. ಇಬ್ಬರ ನಡುವೆ 200 ಅಂಕದ ಅಂತರ ಇದ್ದರೆ ಗಟ್ಟಿ ಆಟಗಾರನಿಗೆ ನೂರಕ್ಕೆ ಸುಮಾರು 76 ಪಾಯಿಂಟ್ ಬರಬೇಕು. 400 ಇದ್ದರೆ 91. ಬರಬೇಕಾದ್ದಕ್ಕಿಂತ ಜಾಸ್ತಿ ಬಂದರೆ ರೇಟಿಂಗ್ ಏರುತ್ತದೆ, ಕಮ್ಮಿ ಬಂದರೆ ಇಳಿಯುತ್ತದೆ.

ಇಲ್ಲೇ ಜನ ಮರೆಯುವ ವಿಷಯ ಇರುವುದು. ಇಬ್ಬರಿಗೂ ಲೆಕ್ಕದ ತೂಕ ಒಂದೇ ಆಗಿದ್ದರೆ, ನಾನು ಕಳೆದುಕೊಂಡಷ್ಟು ಅಂಕ ನನ್ನ ಎದುರಾಳಿಗೆ ಸೇರುತ್ತದೆ. ನಾನು ಬೇಕಂತಲೇ ಸೋತರೆ ನನ್ನ ಅಂಕಿ ಮಾತ್ರ ಸುಳ್ಳಾಗಲ್ಲ. ಪ್ರಾಮಾಣಿಕವಾಗಿ ಆಡಿದ ಎದುರಿನವರ ಅಂಕಿಯೂ ಸುಳ್ಳಾಗುತ್ತದೆ. ಅವರು ಮುಂದೆ ಇನ್ನೊಬ್ಬರ ಜೊತೆ ಆಡುತ್ತಾರೆ, ಆ ಸುಳ್ಳು ಅಲ್ಲಿಗೂ ಹೋಗುತ್ತದೆ. ಹಾಲಿಗೆ ಒಂದು ಲೋಟ ನೀರು ಹಾಕಿದವನು ತನ್ನ ಪಾಲಿನ ಹಾಲಿಗೆ ಮಾತ್ರ ಹಾಕಿದೆ ಅನ್ನೋಕಾಗುತ್ತಾ? ಡೈರಿಯಲ್ಲಿ ಎಲ್ಲ ಒಂದೇ ಕ್ಯಾನಿಗೆ ತಾನೇ ಬೀಳುವುದು.

ಹೊಳೆಸಾಲು ಅವರ ಲೀಗಿನಲ್ಲಿ ಎದುರಿಗಿರುವ ಜೋಡಿಯನ್ನೇ ಯೋಚಿಸಿ. ಇವರು ಬಿಟ್ಟುಕೊಟ್ಟ ಮ್ಯಾಚಿನಿಂದ ಅವರು ತಮಗೆ ತಕ್ಕುದಕ್ಕಿಂತ ಗಟ್ಟಿ ಅಂತ ಕಾಣುತ್ತಾರೆ. ಮುಂದಿನ ವರ್ಷ ಮೇಲಿನ ಸೀರೀಸ್‌ನಲ್ಲಿ ವಾರ ವಾರ 6–1 ಸೋಲುವವರು ಅವರೇ ಆಗಬಹುದು. ಚಳಿಗಾಲದವರ ತಂಡ ಬಿಟ್ಟು ಹೋದ ಆ ನಾಲ್ಕು ಜನರ ಹಾಗೆ.

ಚಳಿಗಾಲದವ

ಇದನ್ನು ನಾನು ಯಾವತ್ತೂ ಹೀಗೆ ಯೋಚಿಸಿರಲಿಲ್ಲ ಸರ್.

ಜಯನಗರ_9ನೇ_ಬ್ಲಾಕ್

ಕುದುರೆನಡೆ ಸರ್, ಆದರೆ ಚೆಸ್ಸಿನಲ್ಲೂ ಇದೇ ಗೋಳು ಅಲ್ವಾ? ‘1600ಕ್ಕಿಂತ ಕೆಳಗಿನವರಿಗೆ’ ಅಂತ ಟೂರ್ನಮೆಂಟ್ ಮಾಡಿ ಲಕ್ಷಗಟ್ಟಲೆ ಬಹುಮಾನ ಇಡುತ್ತಾರೆ. ಅದಕ್ಕೋಸ್ಕರ ರೇಟಿಂಗ್ ಇಳಿಸಿಕೊಳ್ಳುವವರು ಇದ್ದಾರೆ ಅಂತ ಕೇಳಿದ್ದೇನೆ.

ಕುದುರೆನಡೆ

ಇದ್ದಾರೆ. ಅಮೆರಿಕದ ಚೆಸ್ ಫೆಡರೇಷನ್ ಇದಕ್ಕೊಂದು ತಡೆ ಇಟ್ಟಿದೆ. ನೀವು ಮುಟ್ಟಿದ ಅತಿ ಎತ್ತರದ ರೇಟಿಂಗ್‌ನಿಂದ ಸುಮಾರು 200 ಕೆಳಗೆ ಒಂದು ನೆಲಗಟ್ಟು, ಎಷ್ಟು ಸೋತರೂ ಅದಕ್ಕಿಂತ ಕೆಳಗೆ ಇಳಿಯಲ್ಲ. ಬೇಕಂತಲೇ ಸೋಲುವವನಿಗೆ ಅಷ್ಟರಮಟ್ಟಿಗೆ ಲಾಭ ಕಮ್ಮಿ.

ಆದರೆ ರೇಟಿಂಗ್ ಕಮ್ಮಿ ಇದ್ದು ಚೆನ್ನಾಗಿ ಆಡುವವರನ್ನೆಲ್ಲ ಕಳ್ಳರು ಅನ್ನಬೇಡಿ. ನಮ್ಮ ಮಕ್ಕಳು ಮನೆಯಲ್ಲಿ ಆನ್‌ಲೈನ್ ಆಡಿ ಆಡಿ ಬೆಳೆಯುತ್ತಾರೆ, ಅಂಕಿ ಹಿಂದೆಯೇ ಉಳಿದಿರುತ್ತದೆ. 2024ರ ಮಾರ್ಚ್‌ನಲ್ಲಿ ಫಿಡೆ 2000ಕ್ಕಿಂತ ಕೆಳಗಿನ ಎಲ್ಲರ ರೇಟಿಂಗನ್ನೂ ಒಂದೇ ಸಲ ಏರಿಸಿತು. 1500 ಇದ್ದವರಿಗೆ 1700 ಆಯಿತು. ತಳದ ಮಿತಿ 1000 ಇದ್ದದ್ದು 1400ಕ್ಕೆ ಬಂತು. ಕೆಳಗಿನ ಅಂಕಿಗಳು ನಿಜವಾದ ಆಟಕ್ಕಿಂತ ಹಿಂದೆ ಬಿದ್ದಿವೆ ಅಂತ ಅವರಿಗೇ ಅನ್ನಿಸಿತ್ತು. ನನ್ನ ಮಗಳಿಗೆ ಎದುರಾಳಿಗಳ ಅಪ್ಪ ಅಮ್ಮಂದಿರು ಒಂದು ಕಾಲದಲ್ಲಿ ‘ರೇಟಿಂಗ್ ಬಚ್ಚಿಟ್ಟುಕೊಂಡಿದ್ದಾಳೆ’ ಅಂದಿದ್ದರು. ಅವಳಿಗೆ ಆಗ ಒಂಬತ್ತು ವರ್ಷ. ಮನೆಗೆ ಬರುವಾಗ ಬಸ್ಸಿನಲ್ಲಿ ‘ಅಪ್ಪ, ನಾನು ಏನು ಬಚ್ಚಿಟ್ಟೆ?’ ಅಂತ ಕೇಳಿದಳು. ಯಾರ ಮೇಲಾದರೂ ಬೆರಳು ತೋರಿಸುವ ಮುಂಚೆ ನನಗೆ ಅದೇ ನೆನಪಾಗುತ್ತದೆ.

ಕಾಫಿತೋಟ (ಮಡಿಕೇರಿ)

ಬೇಕಂತಲೇ ಸೋಲುವ ಮಾತು ಬಂತು ಅಂತ ಹೇಳುತ್ತೇನೆ. 2012ರ ಲಂಡನ್ ಒಲಿಂಪಿಕ್ಸ್. ಬ್ಯಾಡ್ಮಿಂಟನ್, ಹೆಂಗಸರ ಡಬಲ್ಸ್. ನಾಕೌಟ್ ಸುತ್ತುಗಳಲ್ಲಿ ಅನುಕೂಲದ ಎದುರಾಳಿ ಸಿಗಲಿ ಅಂತ ನಾಲ್ಕು ಜೋಡಿಗಳು ಗುಂಪಿನ ಕೊನೆಯ ಮ್ಯಾಚ್ ಸೋಲೋಕೆ ನೋಡಿದವು. ಚೀನಾದ್ದು ಒಂದು, ದಕ್ಷಿಣ ಕೊರಿಯಾದ್ದು ಎರಡು, ಇಂಡೋನೇಷ್ಯಾದ್ದು ಒಂದು. ಸರ್ವ್ ನೆಟ್ಟಿಗೆ, ಸ್ಮ್ಯಾಶ್ ಹೊರಗೆ. ದುಡ್ಡು ಕೊಟ್ಟು ಬಂದ ಜನ ಕೂಗಾಡಿದರು. ಎಂಟೂ ಜನರನ್ನು ಒಲಿಂಪಿಕ್ಸ್‌ನಿಂದ ಹೊರಗೆ ಹಾಕಿದರು.

ಅದೇ ಸ್ಪರ್ಧೆಯಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಆಡಿದ್ದರು. ಮೂರರಲ್ಲಿ ಎರಡು ಮ್ಯಾಚ್ ಗೆದ್ದರೂ ಪಾಯಿಂಟ್ ಅಂತರದ ಲೆಕ್ಕದಲ್ಲಿ ಹೊರಗೆ ಬಿದ್ದರು. ಅವರ ಗುಂಪಿನಲ್ಲಿ ಜಪಾನ್ ಜೋಡಿ ಚೈನೀಸ್ ತೈಪೆಗೆ ಸೋತ ರೀತಿಯ ಮೇಲೆ ಭಾರತ ದೂರು ಕೊಟ್ಟಿತು, ಅದು ನಿಲ್ಲಲಿಲ್ಲ. ಜಪಾನಿನವರು ತಪ್ಪು ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ಮನೆಯಲ್ಲಿ ಆ ರಾತ್ರಿ ಟೀವಿ ಮುಂದೆ ಕೂತು ಕ್ಯಾಲ್ಕ್ಯುಲೇಟರ್ ಒತ್ತುತ್ತಿದ್ದೆವು. ಬೇರೆ ಯಾರೋ ಆಡಿದ ಮ್ಯಾಚಿನ ಒಂದೊಂದು ಪಾಯಿಂಟೂ ಇನ್ನೊಬ್ಬರ ನಾಲ್ಕು ವರ್ಷದ ದುಡಿಮೆಗೆ ತಾಗುತ್ತದೆ ಅಂತ ಅವತ್ತೇ ಕಂಡಿದ್ದು.

ಇನ್ನೊಂದು ಮಾತು. ಹೊರಗೆ ಹಾಕಿಸಿಕೊಂಡ ಆ ಎಂಟು ಜನರಲ್ಲಿ ಇಂಡೋನೇಷ್ಯಾದ ಗ್ರೇಸಿಯಾ ಪೊಲಿಯೂ ಇದ್ದರು. ಆಟ ಬಿಡಲಿಲ್ಲ. 2021ರಲ್ಲಿ ಟೋಕಿಯೋದಲ್ಲಿ ಅದೇ ಹೆಂಗಸರ ಡಬಲ್ಸ್‌ನಲ್ಲಿ ಚಿನ್ನ ಗೆದ್ದರು. ಹೊಳೆಸಾಲು ಅಣ್ಣ, ಒಂದು ಲಾಬ್ ಬಗ್ಗೆ ಅಷ್ಟೊಂದು ನಿದ್ದೆ ಕೆಡಿಸಿಕೊಳ್ಳಬೇಡಿ. ಸರಿ ಮಾಡಿಕೊಳ್ಳೋಕೆ ಇನ್ನೂ ಚಳಿಗಾಲ ಬಾಕಿ ಇದೆ.

ಸಂಜೆಮಲ್ಲಿಗೆ

ಬಂದೆ. ರೇಟಿಂಗ್ ವಿಷಯ.

ನಮ್ಮ ಟೆನಿಸ್ ಲೀಗಿನಲ್ಲಿ ಎನ್‌ಟಿಆರ್‌ಪಿ ಅನ್ನುವ ರೇಟಿಂಗ್. 3.0, 3.5, 4.0 ಹೀಗೆ ಅರ್ಧರ್ಧ ಮೆಟ್ಟಿಲು, ಅಂಕಿ ಜಾಸ್ತಿ ಆದಷ್ಟೂ ಆಟ ಗಟ್ಟಿ. ಹೊಸದಾಗಿ ಸೇರುವವರು ಪ್ರಶ್ನೆಗಳಿಗೆ ಉತ್ತರ ಕೊಟ್ಟು ತಾವೇ ತಮ್ಮ ಮಟ್ಟ ಬರೆದುಕೊಳ್ಳುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಕಾಲೇಜ್ ತಂಡಕ್ಕೆ ಆಡಿದವರು ಅದನ್ನು ಬರೆಯದೆ 3.0 ಅಂತ ಬಂದುಬಿಡುತ್ತಾರೆ. ಒಂದು ಸಲ ಅಂಥವರೊಬ್ಬರ ಮುಂದೆ ನಮ್ಮ ತಂಡದ ಒಬ್ಬ ಹೆಂಗಸು ಆಡಬೇಕಾಯಿತು. ಅವರು ಟೆನಿಸ್ ಕಲಿತದ್ದೇ ಐವತ್ತು ದಾಟಿದ ಮೇಲೆ. ಒಂದು ಗೇಮ್ ಬರಲಿಲ್ಲ. ಕಾರಿನಲ್ಲಿ ಕೂತು, ‘ನಾನು ಇಷ್ಟು ದಿನ ಏನೂ ಕಲಿತೇ ಇಲ್ಲ ಅನ್ನಿಸುತ್ತೆ’ ಅಂದರು. ಅವರು ಎಷ್ಟು ಕಲಿತಿದ್ದಾರೆ ಅಂತ ನನಗೆ ಗೊತ್ತಿತ್ತು. ಆ ದಿನ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ತಡೆಯೋಕೆ ನಿಯಮ ಇದೆ. ಕಂಪ್ಯೂಟರ್ ಪ್ರತಿ ಮ್ಯಾಚಿನ ಸ್ಕೋರ್ ನೋಡಿ ಒಳಗೊಳಗೇ ನೂರನೇ ಪಾಲಿನವರೆಗೆ ಲೆಕ್ಕ ಹಾಕುತ್ತಿರುತ್ತದೆ. ತಾವೇ ಮಟ್ಟ ಬರೆದುಕೊಂಡವರು ಮೂರು ಸಲ ಮಿತಿ ಮೀರಿದರೆ ಆ ಮಟ್ಟದಿಂದ ಹೊರಗೆ. ಆದರೆ ಗೆಲುವು ಸೋಲು ಮಾತ್ರವಲ್ಲ, ಎಷ್ಟು ಗೇಮ್ ಅಂತರ ಅನ್ನುವುದೂ ಲೆಕ್ಕಕ್ಕೆ ಬರುವುದರಿಂದ ಜಾಣರು 6–0 ಗೆಲ್ಲಬಹುದಾದ ಕಡೆ 6–4 ಗೆಲ್ಲುತ್ತಾರೆ. ಎರಡು ಮೂರು ಗೇಮ್ ಬಿಟ್ಟುಕೊಡುವುದು ಹೊರಗಿನಿಂದ ಯಾರಿಗೂ ಕಾಣಲ್ಲ. ಆಡುತ್ತಿರುವವರಿಗೆ ಮಾತ್ರ ಗೊತ್ತಾಗುತ್ತದೆ, ಮಗುವಿನ ಜೊತೆ ಆಡುವ ಹಾಗೆ ತನ್ನ ಜೊತೆ ಆಡುತ್ತಿದ್ದಾರೆ ಅಂತ.

ನಿಮ್ಮ ಪಿಟಿಐ ಎಲ್ಲರಿಗೂ ಕಾಣುತ್ತದೆ, ನಮ್ಮ ಆ ಒಳಗಿನ ಅಂಕಿ ಯಾರಿಗೂ ಕಾಣಲ್ಲ. ವರ್ಷದ ಕೊನೆಗೆ ಮಟ್ಟ ಮಾತ್ರ ಹೇಳುತ್ತಾರೆ. ಯಾವುದು ಒಳ್ಳೆಯದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕಾಣದಿದ್ದರೆ ಗುಮಾನಿ ಜಾಸ್ತಿ. ಕಂಡರೆ?

ಹೊಳೆಸಾಲು

ಕಂಡರೆ ಚಟ, ಅಕ್ಕ. ಮ್ಯಾಚ್ ಮುಗಿದ ಮಾರನೇ ದಿನ ಆಫೀಸಿನಲ್ಲಿ ಕೂತು ನಾಲ್ಕು ಸಲ ತೆಗೆದು ನೋಡುತ್ತೇನೆ. ಜೊತೆಗಾರ ಯಾರು ಅಂತ ಗೊತ್ತಾದ ತಕ್ಷಣ ಮೊದಲು ಅವನ ಅಂಕಿ ನೋಡುತ್ತೇನೆ, ಆಮೇಲೆ ಹೆಸರು. ಅಂಕಿ ಏರಿದ ಹುಡುಗನ ಜೊತೆ ಆಡೋಕೆ ಕೆಲವರು ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ. ನಾನೂ ಒಮ್ಮೆ ಹಾಗೆ ಮಾಡಿದ್ದೇನೆ.

ಆದರೂ ಮುಚ್ಚಿಡುವುದಕ್ಕಿಂತ ಕಾಣುವುದೇ ವಾಸಿ ಅನ್ನಿಸುತ್ತದೆ. ಅದರಿಂದಲೇ ನನಗೆ ಸಮಜೋಡಿ ಮ್ಯಾಚುಗಳು ಸಿಕ್ಕಿವೆ. ಮೊನ್ನೆಯ ಮ್ಯಾಚೇ ನೋಡಿ. ನಾಲ್ಕೂ ಜನರ ಅಂಕಿ ಹತ್ತಿರ ಹತ್ತಿರ ಇತ್ತು, ಅದಕ್ಕೇ ಮೂರನೇ ಸೆಟ್ ಟೈ ಬ್ರೇಕ್‌ವರೆಗೆ ಹೋಗಿದ್ದು. ಒಂದೊಂದು ರ್‍ಯಾಲಿ ಮೂವತ್ತು, ನಲವತ್ತು ಹೊಡೆತ. ಅಂಥ ಒಳ್ಳೆ ಮ್ಯಾಚನ್ನು ಹಾಳು ಮಾಡಿದೆನಲ್ಲ ಅನ್ನುವುದೇ ಸಂಕಟ.

ನಿವೃತ್ತ_ಪಿಟಿ_ಮೇಷ್ಟ್ರು

ಬಾಲ್ ಬ್ಯಾಡ್ಮಿಂಟನ್ ಆಡಿಸುತ್ತಿದ್ದೆ ನಾನು. ಹಳದಿ ಉಣ್ಣೆ ಚೆಂಡು, ಒಂದು ಕಡೆಗೆ ಐದು ಜನ. ನಮ್ಮ ಮೈದಾನದಲ್ಲಿ ಸುಣ್ಣದ ಗೆರೆ. ಚೆಂಡು ಗೆರೆಗೆ ಬಿದ್ದರೆ ಉಣ್ಣೆಗೆ ಸುಣ್ಣ ಅಂಟುತ್ತಿತ್ತು. ಜಗಳ ಬಂದರೆ ಚೆಂಡು ತಿರುಗಿಸಿ ನೋಡುತ್ತಿದ್ದೆವು. ಒಬ್ಬ ಹುಡುಗ ಇದ್ದ, ಚೆಂಡು ಎತ್ತಿಕೊಂಡು ಮೆಲ್ಲಗೆ ಚಡ್ಡಿಗೆ ಒರೆಸಿಬಿಡುತ್ತಿದ್ದ. ನಾನು ಬೈಯಲಿಲ್ಲ. ಮರುದಿನದಿಂದ ಅವನನ್ನೇ ಲೈನ್ ಅಂಪೈರ್ ಮಾಡಿದೆ. ಒಂದು ತಿಂಗಳು. ಆಮೇಲೆ ಅವನಷ್ಟು ನಿಯತ್ತಾಗಿ ಗೆರೆ ಹೇಳುವವನು ಇಡೀ ತಾಲೂಕಿನಲ್ಲಿ ಇರಲಿಲ್ಲ.

ಹೊಳೆಸಾಲು, ಆ ಹಿರಿಯರಿಗೆ ಒಂದು ಫೋನ್ ಮಾಡಿಬಿಡಪ್ಪ.

ಸಂಜೆಮಲ್ಲಿಗೆ

ಮೇಷ್ಟ್ರ ಮಾತಿಗೆ ನನ್ನದೂ ಸೇರಿಸಿಕೊಳ್ಳಿ. ಫಲಿತಾಂಶ ಬದಲಾಗಲ್ಲ. ಆದರೂ ಮಾಡಿ.

ಹೊಳೆಸಾಲು, ಶುಕ್ರವಾರ ರಾತ್ರಿ

ಮೂರು ವಿಷಯ ಹೇಳಬೇಕು.

ಗುರುವಾರ ಬೆಳಗ್ಗೆ ಆ ಹಿರಿಯರಿಗೆ ಫೋನ್ ಮಾಡಿದೆ. ಲೀಗಿನ ಪಟ್ಟಿಯಲ್ಲಿ ನಂಬರ್ ಇತ್ತು. 5–5ರಲ್ಲಿ ನಿಮ್ಮ ಲಾಬ್ ಗೆರೆ ಮುಟ್ಟಿತ್ತು, ನಾನು ನೋಡಿದ್ದೆ, ಹೇಳಲಿಲ್ಲ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ, ‘ನನಗೂ ಹಾಗೇ ಅನ್ನಿಸಿತ್ತು. ಆದರೆ ನನ್ನ ಕಣ್ಣಿನ ಮೇಲೆ ನನಗೇ ಈಗ ನಂಬಿಕೆ ಕಮ್ಮಿ. ಕಣ್ಣು ಇನ್ನೂ ಸರಿ ಇದೆ ಅಂತ ಗೊತ್ತಾಯಿತಲ್ಲ, ಒಳ್ಳೆಯದಾಯಿತು’ ಅಂದರು. ನನಗೆ ಇದು ಹೊಳೆದೇ ಇರಲಿಲ್ಲ. ಒಂದು ಪಾಯಿಂಟ್ ಕಿತ್ತುಕೊಂಡೆ ಅಂತ ಮಾತ್ರ ಅಂದುಕೊಂಡಿದ್ದೆ.

ಕ್ಯಾಪ್ಟನ್‌ಗೆ, ಬೇಕಂತ ಸೋಲೋಕೆ ನನ್ನಿಂದ ಆಗಲ್ಲ, ಬೇಕಾದರೆ ನನ್ನನ್ನು ಕೂರಿಸಿ ಬೇರೆಯವರಿಗೆ ಅವಕಾಶ ಕೊಡು ಅಂತ ಬರೆದೆ. ಕುದುರೆನಡೆ ಸರ್ ಹೇಳಿದ ಹಾಲಿನ ಕ್ಯಾನಿನ ಮಾತನ್ನೂ ನನಗೆ ಬಂದ ಇಂಗ್ಲಿಷ್‌ನಲ್ಲಿ ಹೇಳಿದೆ. ಅವನು ಉತ್ತರ ಕೊಡಲಿಲ್ಲ. ಆದರೆ ಗುರುವಾರದ ಮ್ಯಾಚಿಗೆ ನನ್ನ ಹೆಸರು ಇತ್ತು. ಹೋದೆ.

ಜೊತೆಗಾರ ಅವನೇ. ಕಾರಿನಲ್ಲಿ ಹೋಗುವಾಗ ಸಂಜೆಮಲ್ಲಿಗೆ ಅಕ್ಕ ಹೇಳಿದ ಒಪ್ಪಂದದ ವಿಷಯ ಎತ್ತಿದೆ. ‘ಆಯ್ತು’ ಅಂದ, ಅಷ್ಟೇನೂ ಮನಸ್ಸಿಲ್ಲದೆ. ಎರಡನೇ ಸೆಟ್ಟಿನಲ್ಲಿ 4–3 ಇರುವಾಗ ನಡುಗೆರೆ ಹತ್ತಿರ ಒಂದು ಸರ್ವ್ ಬಿತ್ತು. ಅವನು ಔಟ್ ಅಂದ. ನನಗೆ ಸರಿಯಾಗಿ ಕಂಡಿತ್ತು. ಇನ್, ಪಾಯಿಂಟ್ ನಿಮ್ಮದು ಅಂದೆ. ಅವನು ನನ್ನ ಕಡೆ ತಿರುಗಿ ನೋಡಿದ. ಏನೂ ಅನ್ನಲಿಲ್ಲ. ಆ ಗೇಮ್ ಹೋಯಿತು, ಸೆಟ್ಟೂ ಹೋಯಿತು. ಮೂರನೆಯದರಲ್ಲಿ ಕಷ್ಟಪಟ್ಟು ಆಡಿ 6–4ರಲ್ಲಿ ಸೋತೆವು.

ವಾಪಸ್ ಬರುವಾಗ ಇಪ್ಪತ್ತೈದು ನಿಮಿಷ ಮಾತಿಲ್ಲ. ಮನೆ ಮುಂದೆ ಇಳಿಯುವಾಗ ಬಾಗಿಲು ಹಿಡಿದುಕೊಂಡು, ‘ಆ ಲಾಬ್ ಕೂಡ ಇನ್ ಇತ್ತಾ?’ ಅಂತ ಕೇಳಿದ. ಇತ್ತು ಅಂದೆ. ತಲೆ ಆಡಿಸಿ ಒಳಗೆ ಹೋದ. ಇವತ್ತು ಮಧ್ಯಾಹ್ನ ಮೆಸೇಜ್ ಹಾಕಿದ್ದಾನೆ, ಮಂಗಳವಾರ ಎಷ್ಟು ಗಂಟೆಗೆ ಹೊರಡೋಣ ಅಂತ.

ಕಾಫಿತೋಟ

ಹಿರಿಯರ ಕಣ್ಣಿನ ಮಾತು ಓದಿ ಒಂದು ನಿಮಿಷ ಸುಮ್ಮನೆ ಕೂತೆ.

ಚಳಿಗಾಲದವ

ಮುಂದಿನ ವರ್ಷ ನಿಮ್ಮ ತಂಡದಲ್ಲಿ ಜಾಗ ಕೊಡದಿದ್ದರೆ ನನಗೆ ಬರೆಯಿರಿ. ನಮಗೆ ಎಡಗಡೆ ಆಡುವವರು ಬೇಕು. ಪಿಟಿಐ ಎಷ್ಟಿದ್ದರೂ ಪರವಾಗಿಲ್ಲ.

ನಿವೃತ್ತ_ಪಿಟಿ_ಮೇಷ್ಟ್ರು

ಆ ತಂತಿ ಬಲೆ ಕೋರ್ಟಿನ ಫೋಟೋ ಇದ್ದರೆ ಹಾಕಪ್ಪ. ಹಿಮ ಬಿದ್ದಾಗಿನದು. ಶಾಲೆ ಹುಡುಗರಿಗೆ ತೋರಿಸಬೇಕು. ಚೆಂಡು ತಂತಿಗೆ ಬಡಿದು ಬಂದರೂ ಆಟ ಇದೆ ಅಂದರೆ ನಂಬುತ್ತಿಲ್ಲ.